ಬಿಡುವು ಕೊಡುವುದೂ ಧಮ್ಮವೇ

 

*ಇಂದಿನ ಪಾಠ: ಸಿಗಾಲೋವಾದ ಸುತ್ತ (ದೀಘ ನಿಕಾಯ, 31)*

ಬೌದ್ಧ ದೇಶವಾದ ಥಾಯ್ಲೆಂಡಿನ ಹೊಸ ವರ್ಷದ ಹಬ್ಬ ಸೋಂಕ್ರಾನ್. ನಮ್ಮ 'ಸಂಕ್ರಾಂತಿ'ಯ ಮೂಲವೇ ಆ ಹೆಸರಿಗೂ ಮೂಲ. ಏಪ್ರಿಲ್ 13ರಿಂದ 15ರವರೆಗೆ ದೇಶಕ್ಕೆಲ್ಲ ರಜೆ. ನೀರಾಟದ ಕೆಲವು ಬೀದಿಗಳನ್ನು ಬಿಟ್ಟರೆ ರಾಜಧಾನಿ ಬ್ಯಾಂಕಾಕ್ ಬಿಕೋ ಎನ್ನುತ್ತದೆ. ಅಲ್ಲಿ ಟ್ಯಾಕ್ಸಿ ಓಡಿಸುವವರು, ಕಟ್ಟಡ ಕಟ್ಟುವವರು, ಗಾಡಿಯಲ್ಲಿ ಊಟ ಮಾರುವವರಲ್ಲಿ ಬಹಳ ಮಂದಿ ಇಸಾನ್ ಸೀಮೆಯ ಹಳ್ಳಿಗಳವರು. ಅವರು ಊರಿಗೆ ಹೋಗಿ, ಬುದ್ಧಮೂರ್ತಿಗೆ ನೀರೆರೆದು, ಹಿರಿಯರ ಕೈಮೇಲೆ ಪರಿಮಳದ ನೀರು ಹಾಕಿ ಹರಕೆ ಪಡೆಯುತ್ತಾರೆ.

ಅಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಹೇಳಿದ: "ಸರ್, ದಿನಾ ಉಣ್ಣೋ ಗಾಡಿ ಇಲ್ಲ, ಬಟ್ಟೆ ಒಗೆಯೋ ಅಕ್ಕ ಇಲ್ಲ. ಇಷ್ಟು ಮಂದಿ ನನ್ನ ಸಾಕ್ತಿದ್ರು ಅಂತ ಆವಾಗ ಗೊತ್ತಾತು."

ಹೊಳಲಿನವರಾದ ನಮಗೆ ಗೊತ್ತಿರುವುದು ಇದರ ಇನ್ನೊಂದು ತುದಿ. ಯುಗಾದಿಗೆ ಬೆಂಗಳೂರು ಬರಿದಾದಾಗ ನಮ್ಮ ಓಣಿಗಳು ತುಂಬುತ್ತವೆ. ದುಡಿಯಲು ಹೋದವರು ಮರಳುತ್ತಾರೆ. ಆದರೆ ಎಲ್ಲರೂ ಅಲ್ಲ. ವಾಚ್‌ಮನ್ ಆಗಿರುವವನು, ಮನೆಗೆಲಸದವಳು "ರಜಾ ಕೊಡಲಿಲ್ಲ" ಎಂದು ಅಲ್ಲೇ ಉಳಿಯುತ್ತಾರೆ. ಇಲ್ಲಿ ತಾಯಿ ಹೋಳಿಗೆ ಎತ್ತಿಟ್ಟು ದಾರಿ ನೋಡುತ್ತಾಳೆ.

ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ಸಿಗಾಲನಿಗೆ ಬುದ್ಧರು ಆರು ದಿಕ್ಕುಗಳ ಅರ್ಥ ಬಿಡಿಸಿ ಹೇಳಿದರು. ಕೆಳಗಿನ ದಿಕ್ಕೆಂದರೆ ನಮಗಾಗಿ ದುಡಿಯುವವರು. ಅವರ ಬಗ್ಗೆ ಯಜಮಾನನ ಕರ್ತವ್ಯ ಐದು:

1. ಶಕ್ತಿಗೆ ತಕ್ಕ ಕೆಲಸ
2. ಊಟ ಮತ್ತು ಕೂಲಿ
3. ಕಾಯಿಲೆಯಲ್ಲಿ ಆರೈಕೆ
4. ಮನೆಯ ವಿಶೇಷ ಅಡುಗೆಯಲ್ಲಿ ಪಾಲು
5. *ಸಮಯಕ್ಕೆ ಬಿಡುವು*

ಗಮನಿಸಿ, ಬುದ್ಧರು ಬಿಡುವನ್ನು ದಾನವೆಂದು ಹೇಳಲಿಲ್ಲ, ಕೂಲಿಯ ಸಾಲಿನಲ್ಲೇ ಇಟ್ಟರು. ಬಾಬಾಸಾಹೇಬರೂ ಅದನ್ನೇ ಮಾಡಿದರು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1945ರ ತಿದ್ದುಪಡಿಯಿಂದ ಕಾರ್ಖಾನೆ ಕಾರ್ಮಿಕರಿಗೆ ಸಂಬಳ ಸಹಿತ ರಜೆಯನ್ನು ಹಕ್ಕಾಗಿಸಿದರು. ಅವರು ಹುಟ್ಟಿದ ಏಪ್ರಿಲ್ 14 ಸೋಂಕ್ರಾನಿನ ನಡುವಿನ ದಿನ. ಥಾಯ್ಲೆಂಡಿನಲ್ಲಿ ಅದು ಕುಟುಂಬದ ದಿನ.

ಆದರೆ ಆ ಕಾನೂನು ಇದ್ದದ್ದು ಕಾರ್ಖಾನೆಯ ಗೇಟಿನೊಳಗೆ. ನಮ್ಮ ಹೊಲ, ಅಡುಗೆಮನೆಗಳಲ್ಲಿ ಬಿಡುವು ಸಿಗುವುದು ನಾವು ಕೊಟ್ಟರೆ ಮಾತ್ರ. ದೂರದ ಯಜಮಾನನ ಮೇಲೆ ಸಿಟ್ಟಾಗುವ ನಾವೂ ಯಾರಿಗೋ ಯಜಮಾನರೇ.

*ಇಂದಿನ ಅಭ್ಯಾಸ:* ಯಾರ ದುಡಿಮೆಯಿಂದ ನಮ್ಮ ದಿನ ಸಾಗುತ್ತಿದೆಯೋ ಅವರಲ್ಲಿ ಮೂವರ ಹೆಸರು ಬರೆಯೋಣ. ಮುಂದಿನ ಹಬ್ಬಕ್ಕೆ, ಅವರು ಕೇಳುವ ಮೊದಲೇ, ಕೂಲಿ ಹಿಡಿಯದೆ ರಜೆ ಕೊಡೋಣ.

ಭವತು ಸಬ್ಬ ಮಂಗಲಂ 🙏