ಗೀರು ಬಿದ್ದ ಕಾರಿಗೆ ಮನೆಯಲ್ಲೇ ಟಚ್-ಅಪ್: ಕಡಲತಡಿಯವರಿಗೆ ಏಳು ಸೂತ್ರ

ಕೊಚ್ಚಿಯ ಮಟ್ಟಾಂಚೇರಿಯ ಇಕ್ಕಟ್ಟು ಓಣಿಯಲ್ಲಿ ಆಟೊ ಸವರಿಕೊಂಡು ಹೋಗುತ್ತದೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿ ಚಿಮ್ಮಿಸಿದ ಜಲ್ಲಿ ಬಾನೆಟ್‌ಗೆ ಬಡಿಯುತ್ತದೆ. ಬೆಂಗಳೂರಿನಲ್ಲಾದರೆ ನಾಲ್ಕು ದಿನ ಸುಮ್ಮನಿರಬಹುದು. ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಆ ಸವಲತ್ತಿಲ್ಲ, ಉಪ್ಪುಗಾಳಿ ಕಾಯುವುದಿಲ್ಲ. ಇಲ್ಲಿ ಮೊದಲು ತುಕ್ಕು ತಡೆಯಬೇಕು, ಚಂದದ ಮಾತು ಆಮೇಲೆ.

1. ಉಗುರಾಡಿಸಿ ನೋಡಿ. ತೊಳೆದು ಒರೆಸಿ, ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಸಿಕ್ಕಿಕೊಳ್ಳದಿದ್ದರೆ ಪೆಟ್ಟು ಮೇಲಿನ ಕ್ಲಿಯರ್ ಕೋಟ್‌ಗಷ್ಟೇ, ರಬ್ಬಿಂಗ್ ಕಾಂಪೌಂಡ್ ಸಾಕು. ಸಿಕ್ಕಿಕೊಂಡರೆ ಪೇಂಟ್ ಬೇಕು. ಲೋಹ ಕಂಡರೆ ಅವತ್ತೇ ಕೆಲಸಕ್ಕಿಳಿಯಿರಿ. ಪ್ಲಾಸ್ಟಿಕ್ ಬಂಪರ್‌ಗೆ ತುಕ್ಕಿನ ಭಯವಿಲ್ಲ, ಅದು ಕಾಯಲಿ.

2. ಬಣ್ಣವನ್ನು ಕೋಡ್ ನೋಡಿಯೇ ಕೊಳ್ಳಿ. ಒಂದೇ ಕಂಪನಿಯಲ್ಲಿ ಬಿಳಿಯೇ ಹಲವು ಬಗೆ. ಬಾನೆಟ್ ಒಳಗಿನ ಇಲ್ಲವೇ ಬಾಗಿಲ ಕಂಬದ ಪಟ್ಟಿಯಲ್ಲಿ ಹುಡುಕಿ. ಮಾರುತಿಯ ಸಿಲ್ಕಿ ಸಿಲ್ವರ್‌ಗೆ ‘ಝಡ್2ಎಸ್’ ಎಂದಿರುತ್ತದೆ.

3. ಕಾಲ ನೋಡಿ. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ತಿರುವನಂತಪುರಕ್ಕೆ ಅಷ್ಟಿಲ್ಲ, ಆದರೆ ಅಕ್ಟೋಬರ್-ನವೆಂಬರ್‌ನ ಹಿಂಗಾರು ಅಲ್ಲಿ ಜೋರು. ತೇವದ ಗಾಳಿಯಲ್ಲಿ ಪೇಂಟ್ ಮಬ್ಬಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ನೆರಳಲ್ಲಿ, ಇಬ್ಬನಿ ಆರಿದ ಮೇಲೆ ಮಾಡಿ. ಮಳೆಗಾಲದಲ್ಲಿ ಲೋಹ ಬಯಲಾದರೆ ಪೋರ್ಟಿಕೊದೊಳಗೆ ನಿಲ್ಲಿಸಿ, ಹೇರ್ ಡ್ರೈಯರ್‌ನಿಂದ ಒಣಗಿಸಿ, ಸದ್ಯಕ್ಕೆ ಪ್ರೈಮರ್ ಮುಟ್ಟಿಸಿ.

4. ತುಕ್ಕಿನ ಮೇಲೆ ಬಣ್ಣ ಹಚ್ಚಬೇಡಿ. ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದೇ. ತಿರುವನಂತಪುರದ ತುಂಬಾ, ಶಂಖುಮುಖದ ಕಡೆ ಮನೆಯಿದ್ದರೆ, ಫೋರ್ಟ್ ಕೊಚ್ಚಿ–ವೈಪಿನ್ ರೋ-ರೋ ಫೆರಿಯಲ್ಲಿ ದಿನಾ ದಾಟುವವರಾದರೆ, ಗೀರಿನಲ್ಲಿ ಉಪ್ಪು ಕೂತೇ ಇರುತ್ತದೆ. ಅದು ಗಾಳಿಯ ತೇವ ಹೀರಿ ಲೋಹವನ್ನು ಒದ್ದೆಯಾಗಿಯೇ ಇಡುತ್ತದೆ. ಹಾಗೇ ಬಣ್ಣ ಹಚ್ಚಿದರೆ ತುಕ್ಕು ಒಳಗೊಳಗೇ ಹಬ್ಬಿ, ಗುಳ್ಳೆಯೆದ್ದು, ಸಾಸಿವೆಯಷ್ಟಿದ್ದ ಕಲೆ ಅಂಗೈಯಗಲ ಆಗುತ್ತದೆ. ಆದ್ದರಿಂದ ಸಿಹಿನೀರಲ್ಲಿ ಚೆನ್ನಾಗಿ ತೊಳೆಯಿರಿ. ಪೆನ್ಸಿಲ್ಲಿನ ತುದಿಗೆ ಎಮರಿ ಪೇಪರಿನ ಚೂರು ಅಂಟಿಸಿ, ತುಕ್ಕಿದ್ದಲ್ಲಿ ಮಾತ್ರ ತಿರುಗಿಸುತ್ತ ಕೆರೆಯಿರಿ, ಕಂದು ಪೂರಾ ಹೋಗಲಿ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಆಮೇಲೆ ಅಲ್ಲಿ ಬೆರಳು ತಾಕಿಸಬೇಡಿ.

5. ಬಳಿಯಬೇಡಿ, ಹನಿ ಇಡಿ. ಬಾಟಲಿ ಮುಚ್ಚಳದ ಬ್ರಷ್ ದಪ್ಪ. ಟೂತ್‌ಪಿಕ್ ತುದಿಯಲ್ಲಿ ಚೂರು ಪೇಂಟ್ ತೆಗೆದು ಕುಳಿಯ ನಡುವೆ ಮುಟ್ಟಿಸಿ, ಅದು ತಾನೇ ಅಂಚಿಗೆ ಹರಿಯುತ್ತದೆ. ಲೋಹ ಕಂಡಲ್ಲಿ ಮೊದಲು ಪ್ರೈಮರ್, ಮೇಲೆ ಬಣ್ಣ. ಆರಿದಂತೆ ಪೇಂಟ್ ಕುಗ್ಗುತ್ತದೆ, ಹಾಗಾಗಿ ಅರ್ಧ ಗಂಟೆ ಬಿಟ್ಟು ಮತ್ತೆರಡು ತೆಳು ಸುತ್ತು. ಮರುದಿನ ಕ್ಲಿಯರ್ ಕೋಟ್.

6. ಒಂದು ವಾರ ಮುಟ್ಟಬೇಡಿ. ನಂತರ 2000 ನಂಬರಿನ ವಾಟರ್ ಪೇಪರನ್ನು ಸೋಪುನೀರಲ್ಲಿ ಅದ್ದಿ, ಉಬ್ಬಿದ ಕಡೆಯಷ್ಟೇ ತಿಕ್ಕಿ, ಕಾಂಪೌಂಡ್ ಹಾಕಿ. ಕ್ಲಿಯರ್ ಕೋಟ್ ದಪ್ಪ ಸುಮಾರು 40 ಮೈಕ್ರಾನ್ ಮಾತ್ರ, ಜಾಸ್ತಿ ತಿಕ್ಕಿದರೆ ಸವೆದುಹೋಗುತ್ತದೆ. ಕೈ ನಡುಗುವಂತಿದ್ದರೆ ತಿಕ್ಕುವುದನ್ನೇ ಬಿಡಿ; ಉಬ್ಬು ಉಳಿದರೂ ತುಕ್ಕು ಬರುವುದಿಲ್ಲ.

7. ತಗ್ಗು ಬಿದ್ದಿದ್ದರೆ ಟಿಂಕರಿಂಗ್ ಶೆಡ್ಡಿಗೆ ಒಯ್ಯಿರಿ. ಹಾರ್ಡ್‌ನರ್ ಬೆರೆಸಿದ ಸ್ಪ್ರೇ ಮನೆಯಲ್ಲಿ ಬೇಡವೇ ಬೇಡ, ಅದರಲ್ಲಿನ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಸಣ್ಣ ಗೀರಿಗೆ ವಿಮೆ ಕ್ಲೇಮ್ ಮಾಡುವ ಮುನ್ನ ಲೆಕ್ಕ ಹಾಕಿ: ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ, ಸತತ ಐದು ವರ್ಷವಾದರೆ ಶೇ. 50. ಒಂದು ಕ್ಲೇಮ್‌ಗೆ ಅದಷ್ಟೂ ಹೋಗುತ್ತದೆ.