ರೈಡರ್ ಒಬ್ಬನೇ ಅಲ್ಲ

ಮಕ್ಕಳೇ,

ಮಳೆ ಹಿಂದೆ ಸರಿಯುತ್ತಿದೆ. ದಸರಾ ಕ್ರೀಡಾಕೂಟದ ತಾಲ್ಲೂಕು ಮಟ್ಟದ ಪಂದ್ಯಗಳು ಹತ್ತಿರ ಬಂದವು. ಭತ್ತದ ಕೊಯ್ಲು ಮುಗಿದರೆ ಗದ್ದೆಗಳು ಖಾಲಿ. ಆಮೇಲೆ ಪಾಳ್ಯವೋ ಮಗ್ಗೆಯೋ ಕೆಂಚಮ್ಮನ ಹೊಸಕೋಟೆಯೋ ಬಾಳ್ಳುಪೇಟೆಯೋ, ಎಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಎಂದು ಫ್ಲೆಕ್ಸ್ ಕಟ್ಟಿದರೂ ನೀವು ಬೈಕ್ ಹತ್ತುವವರೇ. ಆಲೂರಿನ ಹೋಟೆಲ್‌ಗಳಲ್ಲಿ ಈಗಲೇ ಮಾತು ಶುರುವಾಗಿದೆ: "ಈ ಸಲ ನಮ್ಮ ಟೀಮಿಗೆ ರೈಡರ್ ಯಾರಪ್ಪ?" ಕೇಳಿದ ಕೂಡಲೇ ಎಲ್ಲರೂ ಒಬ್ಬನದೇ ಹೆಸರು ಹೇಳುತ್ತಾರೆ. ಆ ಹುಡುಗ ಚುರುಕು, ಎದೆಗಾರ, ಕಾಲು ಉದ್ದ. ಅವನ ಮೇಲೆ ನನ್ನದೇನೂ ತಕರಾರಿಲ್ಲ. ಒಂದು ಹೆಸರು ಹೇಳಿ ನಿರಾಳವಾಗುತ್ತೀರಲ್ಲ, ಅದರ ಮೇಲೆ ಇದೆ. ಅವನನ್ನೂ ಸೇರಿಸಿ ದಾಳಿಗೆ ಹೋಗುವ ಎಲ್ಲರಿಗೂ ಈ ಮಾತು.

ಒಂದು ಲೆಕ್ಕ ಹಾಕಿ. ದೊಡ್ಡವರ ಪಂದ್ಯ ಎಂದರೆ 20 ನಿಮಿಷದ ಎರಡು ಅವಧಿ. ಒಂದು ರೈಡ್‌ಗೆ ಹೆಚ್ಚೆಂದರೆ 30 ಸೆಕೆಂಡ್. ಪಂದ್ಯ ಮುಗಿಯುವಷ್ಟರಲ್ಲಿ ಒಂದೊಂದು ತಂಡದವರು ಸುಮಾರು 40 ಸಲ ಗೆರೆ ದಾಟಿ ಹೋಗಿ ಬರಬೇಕು. ಇದರಲ್ಲಿ 25 ಸಲ ಒಬ್ಬನನ್ನೇ ಕಳಿಸಿದರೆ ದ್ವಿತೀಯಾರ್ಧದ ಹತ್ತನೇ ನಿಮಿಷಕ್ಕೆ ಅವನ ಕಾಲು ಸೀಸವಾಗಿರುತ್ತದೆ. ಎದುರು ತಂಡದ ಕಾರ್ನರ್‌ನಲ್ಲಿ ನಿಂತವನಿಗೆ ಅಷ್ಟರಲ್ಲಿ ಇವನು ಎಡಕ್ಕೆ ತಿರುಗುತ್ತಾನೋ ಬಲಕ್ಕೋ, ಕೈ ಮೊದಲು ಬರುತ್ತದೋ ಕಾಲೋ, ಎಲ್ಲ ಬಾಯಿಪಾಠ.

ಅವನು ಸಿಕ್ಕಿಬಿದ್ದಾಗ ಹೋಗುವುದು ಒಂದಂಕ ಮಾತ್ರವಲ್ಲ. ಅವರಿಗೆ ಅಂಕ ಬಂತು, ಹೊರಗೆ ಕೂತಿದ್ದ ಅವರವನೊಬ್ಬ ಒಳಗೆ ಬಂದ, ನಮ್ಮವನು ಹೊರಗೆ ಹೋದ. ಔಟಾದ ಸರದಿಯಲ್ಲೇ ವಾಪಸ್ ಬರಬೇಕೆಂಬುದು ನಿಯಮ. ಅವನಿಗಿಂತ ಮೊದಲೇ ಇಬ್ಬರು ಹೊರಗೆ ಕೂತಿದ್ದರೆ, ಉಳಿದವರು ಮೂರು ಜನರನ್ನು ಔಟ್ ಮಾಡಿದ ಮೇಲಷ್ಟೇ ಅವನು ಒಳಗೆ. ಬೋನಸ್ ಅಂಕ ತಂದರೆ ಯಾರೂ ಒಳಗೆ ಬರುವುದಿಲ್ಲ ಎಂಬುದೂ ನೆನಪಿರಲಿ. ಅಷ್ಟು ಹೊತ್ತು ದಾಳಿಗೆ ಹೋಗುವವರು ಯಾರು? ಅಭ್ಯಾಸದಲ್ಲಿ ಒಂದು ದಿನವೂ ರೈಡ್ ಮಾಡದವನು ಅಂದು ತಡವರಿಸುತ್ತ ಹೋಗುತ್ತಾನೆ, ಅವನನ್ನೂ ಹಿಡಿಯುತ್ತಾರೆ. ಹೀಗೇ ಲೋನಾ ಆಗುವುದು. ಏಳು ಜನ ಖಾಲಿಯಾಗಿ ಮೇಲೆ ಎರಡು ಅಂಕ ದಂಡ ತೆತ್ತ ಮೇಲೆ "ಅವನೊಬ್ಬ ಒಳಗಿದ್ದಿದ್ದರೆ" ಎಂದು ಪೇಚಾಡಿ ಫಲವಿಲ್ಲ.

ಟಿ.ವಿ.ಯಲ್ಲಿ ಪ್ರೊ ಕಬಡ್ಡಿ ನೋಡುತ್ತೀರಿ, ಅಲ್ಲಿಂದಲೇ ಸಾಕ್ಷಿ ಕೊಡುತ್ತೇನೆ. 2023ರ ಅಕ್ಟೋಬರ್ ಹರಾಜಿನಲ್ಲಿ ತೆಲುಗು ಟೈಟನ್ಸ್ ತಂಡ ಪವನ್ ಸೆಹ್ರಾವತ್ ಅವರನ್ನು 2 ಕೋಟಿ 60 ಲಕ್ಷಕ್ಕೂ ಹೆಚ್ಚು ಕೊಟ್ಟು ಕೊಂಡಿತು. ಅವರು ಸುಮ್ಮನೆ ಕೂರಲಿಲ್ಲ, ಆ ಸೀಸನ್‌ನಲ್ಲಿ 200ರ ಮೇಲೆ ರೈಡ್ ಅಂಕ ತಂದರು. ತಂಡ ಗೆದ್ದದ್ದು ಮಾತ್ರ 22 ಪಂದ್ಯಗಳಲ್ಲಿ ಎರಡು. 12 ತಂಡಗಳಲ್ಲಿ ಕೊನೆಯ ಸ್ಥಾನ. ಅದೇ ಸೀಸನ್‌ನ ಕಪ್ ಪುಣೇರಿ ಪಲ್ಟನ್‌ಗೆ ಹೋಯಿತು. 2024ರ ಮಾರ್ಚ್ 1ರಂದು ಫೈನಲ್‌ನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25. ಅವರ ರೈಡರ್ ಯಾರು ಎಂದು ಕೇಳಿದರೆ ಒಂದು ಹೆಸರು ಹೇಳಲಾಗುವುದಿಲ್ಲ. ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಆಕಾಶ್ ಶಿಂಧೆ ನಾಲ್ವರೂ ಹಂಚಿಕೊಂಡು ದುಡಿದರು. ಹಿಂದೆ ಗಟ್ಟಿ ಡಿಫೆನ್ಸ್ ಇತ್ತು. ಆಗ ಆ ತಂಡದ ಕೋಚ್ ಆಗಿದ್ದವರು ನಮ್ಮ ಕರ್ನಾಟಕದವರೇ, ಬಿ.ಸಿ. ರಮೇಶ್. 2001ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಆಟಗಾರ. 2019ರಲ್ಲಿ ಬೆಂಗಾಲ್ ವಾರಿಯರ್ಸ್ ಕಪ್ ಗೆದ್ದಾಗಲೂ ಕೋಚ್ ಅವರೇ ಆಗಿದ್ದರು.

ಒಬ್ಬನೇ ಗೆಲ್ಲಿಸಿದ್ದು ಇಲ್ಲವೇ ಎಂದು ನೀವು ಕೇಳುತ್ತೀರಿ. ಇದೆ. ವಾರಿಯರ್ಸ್ ಗೆದ್ದದ್ದಕ್ಕೂ ಹಿಂದಿನ ಸೀಸನ್‌ನಲ್ಲಿ, 2019ರ ಜನವರಿ 5ರ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿದಾಗ ಪವನ್ ಒಬ್ಬರೇ 22 ಅಂಕ ತಂದಿದ್ದರು. ಆದರೆ ಆ ಸೀಸನ್ ಉದ್ದಕ್ಕೂ ಅವರ ಜೊತೆ ನಾಯಕ ರೋಹಿತ್ ಕುಮಾರ್ ರೈಡ್‌ಗೆ ಹೋಗುತ್ತಿದ್ದರು ಎಂಬುದನ್ನು ಮರೆಯಬೇಡಿ. 2022ರಲ್ಲಿ ಅದೇ ಪವನ್ ತಮಿಳ್ ತಲೈವಾಸ್ ಸೇರಿ, ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಸೀಸನ್ ಹೊರಗೆ ಉಳಿದರು. ತಲೈವಾಸ್ ಕತೆ ಮುಗಿಯಿತು ಎಂದುಕೊಂಡವರೇ ಎಲ್ಲ. ಆಗ ನರೇಂದರ್ ಎಂಬ ಹೊಸ ಹುಡುಗ ಎದ್ದು ನಿಂತ. ಮೊದಲ ಸೀಸನ್‌ನಲ್ಲೇ 200ಕ್ಕೂ ಹೆಚ್ಚು ರೈಡ್ ಅಂಕ ತಂದ, ತಂಡ ಸೆಮಿಫೈನಲ್‌ಗೆ ಹೋಯಿತು. ನಿಮ್ಮಲ್ಲಿ ಆ ನರೇಂದರ್ ಯಾರು ಎಂದು ಈಗಲೇ ಗೊತ್ತಿರಬೇಕು. ಮೊದಲಿಗನ ಮಂಡಿ ಕೈಕೊಟ್ಟ ದಿನ ಹುಡುಕಿದರೆ ಸಿಗುವುದಿಲ್ಲ.

ಹಾಗಾಗಿ ಈ ಸಲ ನಿಮ್ಮಲ್ಲಿ ಮೂವರು ರೈಡರ್ ಬೇಕು, ಮೂವರಿಗೂ ಬೇರೆ ಬೇರೆ ಕೆಲಸ ಬೇಕು.

ಮೊದಲನೆಯವನ ಕೆಲಸ ಮುಟ್ಟಿ ಬರುವುದು. ಅವನಿಗೆ ಹೇಳುವುದು ಕಡಿಮೆ. ಮುಟ್ಟಿದ ಮೇಲೆ ಇನ್ನೊಬ್ಬನನ್ನೂ ಮುಟ್ಟುತ್ತೇನೆಂದು ನಿಲ್ಲಬೇಡ, ಅಷ್ಟೇ. ಜನ ಶಿಳ್ಳೆ ಹೊಡೆಯುವುದು ಮೂರು ಜನರನ್ನು ಎಳೆದುಕೊಂಡು ಬಂದವನಿಗೆ. ಪಂದ್ಯ ಗೆಲ್ಲುವುದು ಒಬ್ಬೊಬ್ಬರನ್ನೇ ಮುಟ್ಟಿ ಪ್ರತಿ ಸಲವೂ ಮರಳಿ ಬಂದವನಿಂದ.

ಎರಡನೆಯವನದು ಬೋನಸ್. ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಎಂಬುದನ್ನು ಇನ್ನೂ ಕೆಲವರು ಆಟದ ಬಿಸಿಯಲ್ಲಿ ಮರೆಯುತ್ತೀರಿ. ಐದು ಜನರ ಮುಂದೆ ಕಾಲು ಚಾಚಿ ಆಂಕಲ್ ಕೊಟ್ಟು ಬರುತ್ತೀರಿ. ಮಧ್ಯಗೆರೆಯಿಂದ ಬೋನಸ್ ಗೆರೆಗೆ 4.75 ಮೀಟರ್. ಆಚೆ ಒಂದು ಕಾಲು ಊರಿದಾಗ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಇದನ್ನು ಕಣ್ಣಳತೆಯಲ್ಲಿ ಕಲಿಯಲಾಗದು. ಸುಣ್ಣದ ಗೆರೆ ಎಳೆದು ದಿನಕ್ಕೆ ಐವತ್ತು ಸಲ ಹೆಜ್ಜೆ ಹಾಕಿ. ನಾಲ್ಕನೇ ಹೆಜ್ಜೆಗೋ ಐದನೆಯದಕ್ಕೋ, ನಿಮ್ಮ ಕಾಲಿಗೆ ಯಾವುದು ಹೊಂದುತ್ತದೋ ಅದು ಕತ್ತಲಲ್ಲೂ ತಪ್ಪಬಾರದು.

ಮೂರನೆಯವನನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ನನ್ನ ಕಣ್ಣು ಅವನ ಮೇಲೇ. ಈಗ ನಮ್ಮ ಕಡೆಯ ಹಲವು ಪಂದ್ಯಾವಳಿಗಳಲ್ಲೂ ಎರಡು ಎಂಪ್ಟಿ ರೈಡ್ ಆದ ಮೇಲೆ ಮೂರನೆಯದು ಡೂ ಆರ್ ಡೈ. ಅಂಕ ತರದಿದ್ದರೆ ರೈಡರ್ ಔಟ್. ಆ ರೈಡ್‌ಗೆ ಮೊದಲನೆಯವನನ್ನು ಕಳಿಸಿ ಬಲಿ ಕೊಡುವುದಕ್ಕಿಂತ, ಅದಕ್ಕೆಂದೇ ತಯಾರಾದ ಒಬ್ಬ ತಣ್ಣಗಿನ ತಲೆಯವನು ಬೇಕು. ಹತ್ತು ಸಲ ಹೋಗಿ ನಾಲ್ಕು ಸಲ ಅಂಕ ತಂದರೂ ಅವನು ತಂಡಕ್ಕೆ ಆಸ್ತಿ. ಅವನು ಸಿಕ್ಕಿಬಿದ್ದ ದಿನ ಬೈಯಬೇಡಿ. ಬೈಸಿಕೊಂಡವನು ಮುಂದಿನ ಸಲ ಬಾಕ್ ಲೈನ್ ದಾಟಲೂ ಹೆದರುತ್ತಾನೆ.

ಎಂಪ್ಟಿ ರೈಡ್ ಎಂದರೆ ಮೂಗು ಮುರಿಯುತ್ತೀರಿ. ಮುಂದಿರುವಾಗ, ಕೊನೆಯ ಐದು ನಿಮಿಷದಲ್ಲಿ, ಬಾಕ್ ಲೈನ್ ದಾಟಿ, 25 ಸೆಕೆಂಡ್ ಆಡಿಸಿ, ಮೈಗೆ ಮಣ್ಣು ಹತ್ತದೆ ಮರಳಿ ಬಂದವನು ಅರ್ಧ ನಿಮಿಷವನ್ನು ನಮಗೆ ಗಳಿಸಿಕೊಟ್ಟಿರುತ್ತಾನೆ. ಬಾಕ್ ಲೈನ್ ದಾಟದೆ ಬಂದರೆ ಮಾತ್ರ ಅವನೇ ಔಟ್. ಆ ಗೆರೆ ಮಧ್ಯಗೆರೆಯಿಂದ 3.75 ಮೀಟರ್. ರಾತ್ರಿ ಲೈಟಿನಲ್ಲಿ, ತುಳಿದು ಮಾಸಿದ ಸುಣ್ಣದಲ್ಲಿ ಅದು ಕಾಣುವುದೂ ಇಲ್ಲ. ಪಂದ್ಯಕ್ಕೆ ಮುಂಚೆ ಅಂಕಣದಲ್ಲಿ ಒಂದು ಸುತ್ತು ನಡೆದು ಕಾಲಿಗೆ ಗುರುತು ಮಾಡಿಸಿಕೊಳ್ಳಿ.

ನಿಯಮವನ್ನು ರೆಫರಿಗೆ ಬಿಟ್ಟು ಆಡಬೇಡಿ. 2023ರ ಅಕ್ಟೋಬರ್ 7ರಂದು ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್. ಭಾರತ, ಇರಾನ್ 28–28. ಕೊನೆಯ ನಿಮಿಷಗಳ ಡೂ ಆರ್ ಡೈ ರೈಡ್. ಪವನ್ ಯಾರನ್ನೂ ಮುಟ್ಟದೆ ಅಂಕಣದ ಪಕ್ಕದ ಪಟ್ಟಿಗೆ, ಅಂದರೆ ಲಾಬಿಗೆ ಕಾಲಿಟ್ಟರು. ಅವರ ಹಿಂದೆಯೇ ಇರಾನಿನ ಡಿಫೆಂಡರ್‌ಗಳೂ ಲಾಬಿಗೆ ನುಗ್ಗಿದರು. ಪವನ್ ಒಬ್ಬರೇ ಔಟೋ, ಹಿಂದೆ ನುಗ್ಗಿದವರೂ ಔಟೋ, ಅನ್ವಯವಾಗುವುದು ಹಳೆಯ ನಿಯಮವೋ ಹೊಸದೋ ಎಂಬ ಜಗಳದಲ್ಲಿ ಆಟ ಬಹಳ ಹೊತ್ತು ನಿಂತಿತು. ಕೊನೆಗೆ ಭಾರತ 33–29ರಿಂದ ಚಿನ್ನ ಗೆದ್ದಿತು. ಅಂಥ ಅಂಕಣದಲ್ಲೇ ಹೀಗಾದರೆ ನಮ್ಮ ಗದ್ದೆಯ ಅಂಕಣದಲ್ಲಿ ಏನಾಗಬಹುದು, ನೀವೇ ಯೋಚಿಸಿ. ಪಂದ್ಯಾವಳಿಗೆ ಹೋದ ಕೂಡಲೇ ನಾಯಕನಾದವನು ಲಾಬಿ ಹೇಗೆ, ಡೂ ಆರ್ ಡೈ ಇದೆಯೋ ಇಲ್ಲವೋ, ಅವಧಿ ಎಷ್ಟು ನಿಮಿಷ ಎಂದು ಕೇಳಿ ಬರಬೇಕು. ಉಳಿದವರು ನೆನಪಿಟ್ಟುಕೊಳ್ಳಿ: ಯಾರನ್ನೂ ಮುಟ್ಟದೆ ಲಾಬಿ ತುಳಿದರೆ ಯಾರೂ ಹಿಡಿಯದೆಯೇ ನೀವು ಔಟ್.

ಇನ್ನು ಮೈಯ ವಿಚಾರ. ಕಾಫಿ ಮೂಟೆ ಹೊತ್ತು ದಿಣ್ಣೆ ಹತ್ತುವ ನಿಮ್ಮ ಕಾಲಿಗೆ ಬಲ ಇದೆ, ಒಪ್ಪಿದೆ. ಆದರೆ ರೈಡರ್‌ಗೆ ಬೇಕಾದದ್ದು ಗಕ್ಕನೆ ನಿಂತು ಹಿಂದಕ್ಕೆ ತಿರುಗುವ ಬಲ. ಮಂಡಿ ಹೋಗುವುದು ಅಲ್ಲೇ. ಮಳೆಗಾಲದಲ್ಲಿ ಖಾಲಿ ಬಿದ್ದಿರುವ ಕಾಫಿ ಕಣದಲ್ಲಿ ಗೆರೆ ಎಳೆದು ಆಡುವುದನ್ನು ನೋಡಿದ್ದೇನೆ. ಸಿಮೆಂಟ್ ನೆಲ ಹೆಜ್ಜೆ ಅಳತೆ ಮಾಡಲು ಸರಿ, ಬೀಳಲು ಅಲ್ಲ. ಟ್ಯಾಕಲ್ ಅಭ್ಯಾಸ ಮಣ್ಣಿನಲ್ಲೇ ಆಗಲಿ. ಜಿಲ್ಲಾ ಮಟ್ಟಕ್ಕೆ ಹೋದರೆ ಮ್ಯಾಟ್ ಸಿಗುತ್ತದೆ. ಮ್ಯಾಟ್‌ನಲ್ಲಿ ಪಾದ ಜಾರುವುದಿಲ್ಲ, ತಿರುಗುವಾಗ ಮಂಡಿಗೇ ಹೊಡೆತ. ಹಾಸನಕ್ಕೆ ಹೋಗಿ ಒಂದೆರಡು ದಿನವಾದರೂ ಶೂ ಹಾಕಿ ಮ್ಯಾಟ್ ಮೇಲೆ ಆಡಿ ಬನ್ನಿ.

55 ಕೆ.ಜಿ., 60 ಕೆ.ಜಿ. ಪಂದ್ಯಾವಳಿ ಎಂದರೆ ಎರಡು ದಿನ ಊಟ ಬಿಟ್ಟು, ನೀರು ಬಿಟ್ಟು ತಕ್ಕಡಿ ಹತ್ತುವ ಚಾಳಿ ಬಿಡಿ. ತೂಕದಲ್ಲಿ ಪಾಸಾದವನು ಮೂರನೇ ರೈಡ್‌ನಲ್ಲಿ ಮೀನಖಂಡ ಹಿಡಿದುಕೊಂಡು ಕೂರುತ್ತಾನೆ. ತೂಕ ಇಳಿಸುವುದಿದ್ದರೆ ತಿಂಗಳ ಮುಂಚೆ ಶುರು ಮಾಡಿ. ಉಗುರು ಕತ್ತರಿಸಿ. ಮೈಗೆ ಎಣ್ಣೆ ಸವರಿ ಜಾರಿಕೊಳ್ಳುವ ಜಾಣತನ ಬೇಡ, ನಿಯಮ ಅದನ್ನು ಒಪ್ಪುವುದಿಲ್ಲ. ಗುಟ್ಕಾ ಬಾಯಲ್ಲಿಟ್ಟವನಿಗೆ ಕಬಡ್ಡಿ ಕಬಡ್ಡಿ ಎಂದು ಉಸಿರು ಹಿಡಿಯಲು ಆಗುವುದಿಲ್ಲ. ಅದನ್ನು ನಾನು ಹೇಳಿ ತಿಳಿಯಬೇಕಾಗಿಲ್ಲ.

ಅಭ್ಯಾಸ ಹೊತ್ತು ಮುಳುಗುವ ಮುಂಚೆ ಮುಗಿಯಲಿ. ನಮ್ಮ ಆಲೂರು, ಸಕಲೇಶಪುರದ ಕಡೆ ಆನೆ ಯಾವ ತೋಟದಿಂದ ಯಾವ ರಸ್ತೆಗೆ ಇಳಿಯುತ್ತದೆ ಎಂದು ಹೇಳಲಾಗದು. ಅರಣ್ಯ ಇಲಾಖೆಯ ಮೆಸೇಜ್ ಬಂದ ದಿನ ಅಭ್ಯಾಸ ರದ್ದು. ಆ ದಿನ ಶೌರ್ಯ ತೋರಿಸಬೇಡಿ.

ಹೆಣ್ಣುಮಕ್ಕಳ ತಂಡವೂ ಈ ಸಲ ಹೊರಟಿದೆ ಎಂದು ಕೇಳಿದೆ. ಬಹಳ ಸಂತೋಷ. ತಾಯಂದಿರೇ, ನಿಮ್ಮ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಗಂಡಸರದು 13ಕ್ಕೆ 10. ಅಗಲ ಕಡಿಮೆಯಾದ್ದರಿಂದ ಕಾರ್ನರ್‌ನವರು ಬೇಗ ಸುತ್ತುತ್ತಾರೆ. ಅಣ್ಣಂದಿರ ಓಟವನ್ನು ನಕಲು ಮಾಡದೆ ಗಿಡ್ಡ ಹೆಜ್ಜೆ, ಚುರುಕು ಕೈ ರೂಢಿಸಿಕೊಳ್ಳಿ. 2012ರಲ್ಲಿ ಪಟ್ನಾದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಮಮತಾ ಪೂಜಾರಿ ನಮ್ಮ ಕಾರ್ಕಳದ ಕಡೆಯ ಹಳ್ಳಿಯವರು. ಘಟ್ಟ ಇಳಿದರೆ ಅವರ ಊರು ಬಹಳ ದೂರವೇನಲ್ಲ.

ಹಣದ ಮಾತೂ ಆಡಿಬಿಡೋಣ. ನಿಮ್ಮಲ್ಲೊಬ್ಬ ಚೆನ್ನಾಗಿ ಆಡಿದರೆ ಬೇರೆ ಊರಿನವರು ಗೆಸ್ಟ್ ಪ್ಲೇಯರ್ ಆಗಿ ಕರೆಯುತ್ತಾರೆ, ಒಂದು ರಾತ್ರಿಗೆ ಇಷ್ಟು ಎಂದು ಕೊಡುತ್ತಾರೆ. ಹೋಗಿ, ತಪ್ಪಿಲ್ಲ. ಆದರೆ ನಮ್ಮ ಪಂದ್ಯದ ಹಿಂದಿನ ರಾತ್ರಿ ಬೇಡ. ಬೆಸ್ಟ್ ರೈಡರ್ ಕಪ್‌ಗಾಗಿ ಆಡಲೂ ಬೇಡ. ಸೋತ ತಂಡದ ಬೆಸ್ಟ್ ರೈಡರ್‌ನ ಕಪ್ ಶೋಕೇಸಿನಲ್ಲಿ ಇರುತ್ತದೆ, ಊರಿನ ನೆನಪಲ್ಲಿ ಇರುವುದಿಲ್ಲ. ಅದಕ್ಕಿಂತ ತಾಲ್ಲೂಕು, ಜಿಲ್ಲಾ ಮಟ್ಟದ ಪ್ರಮಾಣಪತ್ರಗಳನ್ನು ಒಂದು ಫೈಲ್‌ನಲ್ಲಿ ಜೋಡಿಸಿಡಿ. ಕ್ರೀಡಾ ಕೋಟಾದಲ್ಲಿ ರೈಲ್ವೆ, ಪೊಲೀಸ್ ಕೆಲಸ ಹಿಡಿದ ಕಬಡ್ಡಿ ಆಟಗಾರರು ಈ ರಾಜ್ಯದಲ್ಲಿ ಬೇಕಾದಷ್ಟಿದ್ದಾರೆ. ಅಲ್ಲಿ ಕೇಳುವುದು ಆ ಕಾಗದವನ್ನು.

ಕೊನೆಯದಾಗಿ, ಔಟಾಗಿ ಹೊರಗೆ ಕೂತಾಗ ಏನು ಮಾಡಬೇಕು ಎಂದು ಹೇಳುತ್ತೇನೆ, ಏಕೆಂದರೆ ಯಾವ ಕೋಚೂ ಇದನ್ನು ಕಲಿಸುವುದಿಲ್ಲ. ಟವೆಲ್ ಮುಖಕ್ಕೆ ಹಾಕಿಕೊಂಡು ಕೂರಬೇಡಿ, ಮೊಬೈಲ್ ಮುಟ್ಟಬೇಡಿ. ನಿಮ್ಮನ್ನು ಹಿಡಿದವನು ಎಡ ಕಾರ್ನರ್‌ನವನೋ ಕವರ್‌ನವನೋ, ಮೊದಲು ಕೈ ಹಾಕಿದನೋ ಕಾಯ್ದು ಹಾಕಿದನೋ, ಚೈನ್‌ನಲ್ಲಿ ಕೈ ಬಿಡುವವನು ಯಾರು, ಇದೆಲ್ಲ ಆ ಹೊತ್ತಿನಲ್ಲಿ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಮುಂದಿನ ರೈಡ್‌ಗೆ ಹೊರಟವನಿಗೆ ಅದನ್ನು ಕೂಗಿ ಹೇಳಿ. ಅವನು ನಿಮ್ಮ ಜಾಗ ಕಿತ್ತುಕೊಳ್ಳಲು ಬಂದವನಲ್ಲ, ನಿಮ್ಮನ್ನು ಒಳಗೆ ಕರೆತರಲು ಹೋಗುತ್ತಿರುವವನು.