ಅಕ್ರಮ ಆದೇಶ ಮತ್ತು ಸೈನಿಕ: ಮುಖ್ಯಾಂಶಗಳು

ಸೈನಿಕನ ಕೆಲಸ ಹೇಳಿದ್ದನ್ನು ಮಾಡುವುದಷ್ಟೇ ಎಂದು ಬರೆದರೆ ಅಂಕ ಹೋಗುತ್ತದೆ. ತನಗೆ ತಪ್ಪೆನಿಸಿದ ಆದೇಶವನ್ನೆಲ್ಲ ಆತ ತಳ್ಳಿಹಾಕಬಹುದು ಎಂದು ಬರೆದರೂ ಹೋಗುತ್ತದೆ. ಕಾನೂನು ನಿಂತಿರುವುದು ಇವೆರಡರ ನಡುವಿನ ಇಕ್ಕಟ್ಟಿನ ಜಾಗದಲ್ಲಿ: ಆದೇಶ ಸಕ್ರಮವೆಂದೇ ನಂಬಿ ನಡೆಯಬೇಕು, ಆದರೆ ಅದು ಅಪರಾಧವೆಂದು ಯಾರಿಗಾದರೂ ಕಣ್ಣಿಗೆ ಹೊಡೆಯುವಂತಿದ್ದರೆ ಪಾಲಿಸಬಾರದು. ನೀತಿಶಾಸ್ತ್ರ ಪತ್ರಿಕೆಗೂ ಕಾನೂನು ಐಚ್ಛಿಕ ವಿಷಯಕ್ಕೂ ಇದೇ ತಿರುಳು.

ಭಾರತದ ಕಾನೂನು

• ಸೇನಾ ಕಾಯ್ದೆ 1950, ಕಲಂ 41: ಮೇಲಧಿಕಾರಿಯ ಆಜ್ಞೆ ಮೀರುವುದು ಅಪರಾಧ. ಮೇಲಧಿಕಾರಿ ಖುದ್ದಾಗಿ ಕೊಟ್ಟ ಆಜ್ಞೆಯನ್ನು ಬೇಕೆಂದೇ ಧಿಕ್ಕರಿಸಿದರೆ 14 ವರ್ಷದವರೆಗೆ ಸೆರೆ. ಆದರೆ ಕಲಂ ಹೇಳುವುದು ಕಾನೂನುಬದ್ಧ ಆಜ್ಞೆಯ ಬಗ್ಗೆ ಮಾತ್ರ. ಆಜ್ಞೆಯೇ ಅಕ್ರಮವಾಗಿದ್ದರೆ ಈ ಅಪರಾಧ ಹುಟ್ಟುವುದೇ ಇಲ್ಲ.

• ಭಾರತೀಯ ನ್ಯಾಯ ಸಂಹಿತೆ, ಕಲಂ 14 (ಹಳೆಯ ದಂಡ ಸಂಹಿತೆಯ ಕಲಂ 76, 2024ರ ಜುಲೈ 1ರಿಂದ ಹೊಸ ಸಂಖ್ಯೆ): ಕಾನೂನಿನ ಅಪ್ಪಣೆಗೆ ಅನುಗುಣವಾಗಿ ಮೇಲಧಿಕಾರಿ ಹೇಳಿದಾಗ ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕ ಅಪರಾಧಿಯಲ್ಲ. ಕಲಮಿನ ಜೊತೆ ಕೊಟ್ಟಿರುವ ಉದಾಹರಣೆಯೇ ಇದು. ಸಂಗತಿಯ ಬಗ್ಗೆ ತಪ್ಪು ತಿಳಿದಿದ್ದರೆ ರಕ್ಷಣೆ ಉಂಟು, ಕಾನೂನಿನ ಬಗ್ಗೆ ತಪ್ಪು ತಿಳಿದಿದ್ದರೆ ಇಲ್ಲ.

• ನಾಗರಿಕ ಸುರಕ್ಷಾ ಸಂಹಿತೆ, ಕಲಂ 148ರಿಂದ 151: ಅಕ್ರಮ ಕೂಟ ಚದುರಿಸಲು ಸೇನೆಯನ್ನು ಕರೆಸಿದಾಗಲೂ ಬಲಪ್ರಯೋಗ, ಗಾಯ ಎರಡೂ ಸಾಧ್ಯವಾದಷ್ಟು ಕಡಿಮೆ ಇರಬೇಕು. ತಾನು ಪಾಲಿಸಲೇಬೇಕಾಗಿದ್ದ ಆದೇಶವನ್ನು ಪಾಲಿಸಿದವನಿಗೆ ಕಲಂ 151ರ ರಕ್ಷಣೆ.

• ಎರಡು ತೀರ್ಪುಗಳು. ಪಶ್ಚಿಮ ಬಂಗಾಳ ಸರ್ಕಾರ ಮತ್ತು ಶಿವ ಮಂಗಲ್ ಸಿಂಗ್ ಪ್ರಕರಣ (1981): ಸಂದರ್ಭ ನೋಡಿದರೆ ಗುಂಡು ಹಾರಿಸುವ ಆದೇಶ ಸಮರ್ಥನೀಯ, ಆದ್ದರಿಂದ ಪಾಲಿಸಿದ ಪೊಲೀಸರು ನಿರಪರಾಧಿಗಳು ಎಂದಿತು ಸುಪ್ರೀಂ ಕೋರ್ಟ್. ಮಣಿಪುರದ ಎನ್‌ಕೌಂಟರ್ ಸಾವುಗಳ ಪ್ರಕರಣದಲ್ಲಿ (2016) ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಇರುವ ಪ್ರದೇಶದಲ್ಲೂ ಪೂರ್ಣ ವಿನಾಯಿತಿ ಇಲ್ಲ ಎಂದಿತು.

• ಜಿನೀವಾ ಒಪ್ಪಂದಗಳ ಕಾಯ್ದೆ 1960: ಒಪ್ಪಂದಗಳ ಘೋರ ಉಲ್ಲಂಘನೆಗೆ ಭಾರತದಲ್ಲೇ ಶಿಕ್ಷೆ ವಿಧಿಸಲು ಅವಕಾಶ.

ಪೆಶಾವರ, 1930

ಏಪ್ರಿಲ್ 23. ಕಿಸ್ಸಾ ಖ್ವಾನಿ ಬಜಾರಿನಲ್ಲಿ ಅಹಿಂಸಾ ಚಳವಳಿಯ ಖುದಾಯಿ ಖಿದ್ಮತ್‌ಗಾರರ ನಿರಾಯುಧ ಗುಂಪು. ರಾಯಲ್ ಗಢ್ವಾಲ್ ರೈಫಲ್ಸ್‌ನ ತುಕಡಿಗೆ ಗುಂಡು ಹಾರಿಸಲು ಆದೇಶ ಬಂತು. ಹವಾಲ್ದಾರ್ ಚಂದ್ರಸಿಂಗ್ ಗಢ್ವಾಲಿ ತನ್ನವರನ್ನು ತಡೆದರು, ಬಂದೂಕುಗಳು ಕೆಳಗಿಳಿದವು. ಎದುರಿಗಿದ್ದವರು ಪಠಾಣ ಮುಸ್ಲಿಮರು, ಬಂದೂಕು ಹಿಡಿದವರು ಗಢ್ವಾಲದ ಹಿಂದೂಗಳು. ಹಿಂದೂಗಳು ಮುಸ್ಲಿಮರ ಮೇಲೆ ಗುಂಡು ಹಾರಿಸಲು ಹಿಂಜರಿಯರು ಎಂಬ ಬ್ರಿಟಿಷರ ಲೆಕ್ಕಾಚಾರ ತಲೆಕೆಳಗಾಯಿತು. ಸೇನಾ ನ್ಯಾಯಾಲಯ ಚಂದ್ರಸಿಂಗ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರ ಪರ ವಾದಿಸಿದವರು ಬ್ಯಾರಿಸ್ಟರ್ ಮುಕಂದಿ ಲಾಲ್. ಬಿಡುಗಡೆ 1941ರಲ್ಲಿ. ಸ್ವತಂತ್ರ ಭಾರತ ಅವರ ನೆನಪಿಗೆ 1994ರಲ್ಲಿ ಅಂಚೆಚೀಟಿ ತಂದಿತು.

ಹೆಚ್ಚಿನ ಉತ್ತರ ಪತ್ರಿಕೆಗಳು ಎಡವುವುದು ಇಲ್ಲಿಯೇ. ಅಂದಿನ ನ್ಯಾಯಾಲಯದ ದೃಷ್ಟಿಯಲ್ಲಿ ಅದು ಅಕ್ರಮ ಆದೇಶವಾಗಿರಲಿಲ್ಲ, ಚಂದ್ರಸಿಂಗ್ ಮಾಡಿದ್ದು ಶಿಕ್ಷಾರ್ಹ ಅವಿಧೇಯತೆ. ಅವರು ನಡೆದದ್ದು ಆತ್ಮಸಾಕ್ಷಿಯ ಮೇಲೆ, ಬೆಲೆಯನ್ನೂ ತೆತ್ತರು. ಕಾನೂನು ಹೇರುವ ಕರ್ತವ್ಯಕ್ಕೆ ಈ ಪ್ರಸಂಗವನ್ನು ಉದಾಹರಣೆಯಾಗಿ ಕೊಡಬೇಡಿ. ನೀತಿಶಾಸ್ತ್ರದ ಉತ್ತರಕ್ಕಾದರೆ ಇದಕ್ಕಿಂತ ಗಟ್ಟಿ ಉದಾಹರಣೆ ಸಿಗುವುದು ಕಷ್ಟ.

ಈ ತತ್ವ ನ್ಯೂರೆಂಬರ್ಗ್‌ಗೆ ಮುಂಚೆಯೂ ಇತ್ತು

1474: ದೊರೆಯೊಬ್ಬನ ಅಧಿಕಾರಿ ಪೀಟರ್ ಫಾನ್ ಹಾಗೆನ್‌ಬಾಖ್, ದೌರ್ಜನ್ಯಗಳಿಗಾಗಿ ಬ್ರೈಸಾಖ್‌ನಲ್ಲಿ ವಿಚಾರಣೆ. ದೊರೆ ಹೇಳಿದ್ದನ್ನು ಮಾಡಿದೆ ಎಂಬ ವಾದ ನಡೆಯಲಿಲ್ಲ, ತಲೆ ಹೋಯಿತು.

1804: ಅಮೆರಿಕದ ಲಿಟಲ್ ಮತ್ತು ಬ್ಯಾರಿಮ್ ಪ್ರಕರಣ. ಫ್ರಾನ್ಸಿನ ಬಂದರುಗಳಿಗೆ ಹೋಗುವ ಹಡಗುಗಳನ್ನು ಹಿಡಿಯಲು ಸಂಸತ್ತು ಕಾನೂನು ಮಾಡಿತ್ತು. ಅಧ್ಯಕ್ಷರ ಆದೇಶದಲ್ಲಿ ಅಲ್ಲಿಂದ ಬರುವ ಹಡಗುಗಳೂ ಸೇರಿಕೊಂಡವು. ಹಾಗೆ ಹಡಗು ಹಿಡಿದ ಕ್ಯಾಪ್ಟನ್ ಲಿಟಲ್ ನಷ್ಟ ತುಂಬಿಕೊಡಬೇಕೆಂದು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪಿತ್ತರು. ಆದೇಶ ಅಧ್ಯಕ್ಷರದ್ದೇ ಆದರೂ ಅದು ಕಾನೂನಿಗಿಂತ ದೊಡ್ಡದಲ್ಲ.

1921: ಲೈಪ್ಸಿಗ್, ಲ್ಯಾಂಡೊವರಿ ಕ್ಯಾಸಲ್ ಪ್ರಕರಣ. 1918ರಲ್ಲಿ ಜರ್ಮನ್ ಜಲಾಂತರ್ಗಾಮಿ ಆಸ್ಪತ್ರೆ ಹಡಗೊಂದನ್ನು ಮುಳುಗಿಸಿ, ರಕ್ಷಣಾ ದೋಣಿಗಳಲ್ಲಿದ್ದವರ ಮೇಲೂ ಗುಂಡು ಹಾರಿಸಿತ್ತು. ಇಬ್ಬರು ಅಧಿಕಾರಿಗಳಿಗೆ 4 ವರ್ಷ ಸೆರೆ. ಆದೇಶ ಕೊಟ್ಟ ನಾಯಕ ಪಾಟ್ಸಿಗ್ ವಿಚಾರಣೆಗೆ ಸಿಗಲೇ ಇಲ್ಲ.

ನ್ಯೂರೆಂಬರ್ಗ್

ನಾಜಿ ನಾಯಕರ ವಿಚಾರಣೆಗೆ ರೂಪಿಸಿದ 1945ರ ಆಗಸ್ಟ್ 8ರ ಲಂಡನ್ ಸನ್ನದಿನ 8ನೇ ವಿಧಿ: ಆದೇಶ ಪಾಲನೆ ಹೊಣೆಯಿಂದ ಬಿಡಿಸದು, ಶಿಕ್ಷೆ ತಗ್ಗಿಸಲು ಮಾತ್ರ ಪರಿಗಣಿಸಬಹುದು. 1950ರ ನ್ಯೂರೆಂಬರ್ಗ್ ತತ್ವಗಳಲ್ಲಿ 4ನೆಯದು ಒಂದು ಷರತ್ತು ಸೇರಿಸಿತು: ನೈತಿಕ ಆಯ್ಕೆಗೆ ಆದೇಶ ಪಾಲಿಸಿದವನಿಗೆ ನಿಜವಾಗಿ ಅವಕಾಶವಿರಬೇಕು.

ಕಫ್ರ್ ಕಾಸಿಂ, 1956

ಕಣ್ಣಿಗೆ ಹೊಡೆಯುವಷ್ಟು ಅಕ್ರಮ ಎಂದರೇನು ಎಂದು ಕೇಳಿದರೆ ಬರೆಯಬೇಕಾದ್ದು ಈ ಪ್ರಕರಣ. ಅಕ್ಟೋಬರ್ 29, ಸಿನಾಯ್ ಯುದ್ಧದ ಮೊದಲ ದಿನ. ಇಸ್ರೇಲಿನ ಅರಬ್ ಹಳ್ಳಿಗಳಿಗೆ ಸಂಜೆ 5ರಿಂದ ಕರ್ಫ್ಯೂ. ಕಫ್ರ್ ಕಾಸಿಂ ಊರ ಮುಖಂಡನಿಗೆ ಸುದ್ದಿ ಮುಟ್ಟಿದ್ದು 4.30ಕ್ಕೆ. ಕೆಲಸಕ್ಕೆ ಹೊರಗೆ ಹೋದವರಿಗೆ ಇದು ಹೇಗೆ ಗೊತ್ತಾಗಬೇಕು ಎಂದು ಆತ ಕೇಳಿದ. ಹೊರಗೆ ಕಂಡವರ ಮೇಲೆ ಗುಂಡು ಹಾರಿಸಿ ಎಂಬ ಆದೇಶ ಬದಲಾಗಲಿಲ್ಲ. ಸೈಕಲ್, ಗಾಡಿ, ಲಾರಿಗಳಲ್ಲಿ ಮನೆಗೆ ಮರಳುತ್ತಿದ್ದ ಕೂಲಿಗಳನ್ನು ಗಡಿ ಪೊಲೀಸರು ನಿಲ್ಲಿಸಿ ಕೊಂದರು. ಹೆಂಗಸರು, ಮಕ್ಕಳೂ ಸೇರಿ 49 ಸಾವು. ಅದೇ ಆದೇಶ ಸಿಕ್ಕಿದ್ದ ಅಕ್ಕಪಕ್ಕದ ಹಳ್ಳಿಗಳ ತುಕಡಿ ನಾಯಕರು ತಡವಾಗಿ ಬಂದವರನ್ನು ಮನೆಗೆ ಬಿಟ್ಟರು. ಬೇರೆ ದಾರಿಯೇ ಇರಲಿಲ್ಲ ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ.

ನ್ಯಾಯಾಧೀಶ ಬೆಂಜಮಿನ್ ಹಲೇವಿ ಕೊಟ್ಟದ್ದು ಕಪ್ಪು ಬಾವುಟದ ಸೂತ್ರ: ಕೆಲವು ಆದೇಶಗಳ ನೆತ್ತಿಯ ಮೇಲೆಯೇ ನಿಷೇಧದ ಕಪ್ಪು ಬಾವುಟ ಹಾರುತ್ತಿರುತ್ತದೆ, ಅದನ್ನು ಕಾಣಲು ಕಾನೂನು ಪಂಡಿತನಾಗಬೇಕಿಲ್ಲ. ಎಂಟು ಮಂದಿಗೆ ಶಿಕ್ಷೆಯಾಯಿತು, 1960ರ ಹೊತ್ತಿಗೆ ಎಲ್ಲರೂ ಹೊರಗೆ ಬಂದರು. ಬ್ರಿಗೇಡ್ ಕಮಾಂಡರ್ ಶದ್ಮಿಗೆ ಬಿದ್ದದ್ದು 10 ಪ್ರುತಾ ದಂಡ, ಅಂದರೆ ಪುಡಿಗಾಸು. ಪಾಟ್ಸಿಗ್‌ನಿಂದ ಶದ್ಮಿಯವರೆಗೆ ಒಂದೇ ಕಥೆ: ಈ ಸಿದ್ಧಾಂತದ ಭಾರವೆಲ್ಲ ಕೆಳಗಿನವನ ಹೆಗಲಿಗೆ, ಆದೇಶ ಹೊರಟ ಜಾಗಕ್ಕೆ ಬಿಸಿ ತಟ್ಟುವುದು ಅಪರೂಪ. ವಿಮರ್ಶಾತ್ಮಕವಾಗಿ ಚರ್ಚಿಸಿ ಎಂದು ಕೇಳಿದರೆ ಈ ಅಂಶ ಬಿಡಬೇಡಿ.

ಮೈ ಲಾಯ್, 1968

ಮಾರ್ಚ್ 16, ವಿಯೆಟ್ನಾಂ. ಅಮೆರಿಕದ ಸೈನಿಕರಿಂದ ಹಳ್ಳಿಗರ ಹತ್ಯಾಕಾಂಡ. ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಗೆ 1971ರಲ್ಲಿ ಜೀವಾವಧಿ ಶಿಕ್ಷೆ. ಮುಂದೆ ಅದು ಸುಮಾರು ಮೂರೂವರೆ ವರ್ಷದ ಗೃಹಬಂಧನಕ್ಕೆ ಇಳಿಯಿತು. ಆತನ ಮೇಲಿದ್ದ ಕ್ಯಾಪ್ಟನ್ ಮೆಡಿನಾ ಖುಲಾಸೆ. ಅಕ್ರಮ ಆದೇಶವನ್ನು ಅಳೆಯಲು 1973ರ ಮೇಲ್ಮನವಿ ತೀರ್ಪು ಹಿಡಿದ ಅಳತೆಗೋಲು: ಸಾಮಾನ್ಯ ತಿಳಿವಳಿಕೆಯ ಮನುಷ್ಯನಿಗೆ ಗೊತ್ತಾಗುತ್ತಿತ್ತೇ? ಅದೇ ದಿನ ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ಹಳ್ಳಿಗರಿಗೂ ಅಮೆರಿಕದ ಸೈನಿಕರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ ಕೆಲವರನ್ನು ಉಳಿಸಿದರು. ಪದಕ ಬಂದದ್ದು 1998ರಲ್ಲಿ.

ಇಂದಿನ ಅಂತರರಾಷ್ಟ್ರೀಯ ಕಾನೂನು

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನ (ಅಂಗೀಕಾರ 1998, ಜಾರಿ 2002ರ ಜುಲೈ 1), ವಿಧಿ 33. ಆದೇಶ ಪಾಲನೆಯ ರಕ್ಷಣೆ ಬೇಕೆಂದರೆ ಮೂರೂ ಒಟ್ಟಿಗಿರಬೇಕು: ಪಾಲಿಸುವ ಕಾನೂನಿನ ಹೊಣೆ, ಅಕ್ರಮವೆಂಬ ಅರಿವಿಲ್ಲದಿರುವುದು, ಆದೇಶ ಮೇಲ್ನೋಟಕ್ಕೇ ಅಕ್ರಮವಾಗಿರದಿರುವುದು.

ಹಾಗಾದರೆ ಪಾಲಿಸದಿದ್ದರೆ ಕೊಲ್ಲುತ್ತೇವೆ ಎಂದರೆ? ಸ್ರೆಬ್ರೆನಿಕಾ ಹತ್ಯಾಕಾಂಡದಲ್ಲಿ (1995) ಭಾಗಿಯಾಗಿದ್ದ ದ್ರಾಜೆನ್ ಎರ್ದೆಮೊವಿಚ್ ಹೇಳಿದ್ದು ಇದನ್ನೇ. ಅಮಾಯಕರನ್ನು ಕೊಂದದ್ದಕ್ಕೆ ಪ್ರಾಣಬೆದರಿಕೆಯೂ ಪೂರ್ಣ ರಕ್ಷಣೆಯಲ್ಲ ಎಂದು ಯುಗೊಸ್ಲಾವಿಯಾ ನ್ಯಾಯಮಂಡಳಿ 1997ರಲ್ಲಿ ಬಹುಮತದಿಂದ ಹೇಳಿತು. ಕೊನೆಗೆ 5 ವರ್ಷ ಶಿಕ್ಷೆ. ಸಾಮಾನ್ಯ ಸಿಪಾಯಿಯಿಂದ ಕಾನೂನು ಇಷ್ಟು ಕೇಳಬಹುದೇ ಎಂಬ ಬಗ್ಗೆ ನ್ಯಾಯಮೂರ್ತಿಗಳಲ್ಲೇ ಒಮ್ಮತವಿರಲಿಲ್ಲ.

ಜರ್ಮನಿ 1956ರ ಸೈನಿಕರ ಕಾಯ್ದೆಯಲ್ಲೇ (ಕಲಂ 11) ಇದನ್ನು ಬರೆದಿಟ್ಟಿತು: ಮಾನವ ಘನತೆಗೆ ಧಕ್ಕೆ ತರುವ ಆದೇಶ ಪಾಲಿಸಬೇಕಿಲ್ಲ, ಅಪರಾಧ ಮಾಡಿಸುವ ಆದೇಶ ಪಾಲಿಸಕೂಡದು. ಬೇಕಿಲ್ಲ ಮತ್ತು ಕೂಡದು ಎಂಬ ಎರಡು ಹಂತಗಳನ್ನು ಉತ್ತರದಲ್ಲಿ ಬೇರೆಬೇರೆಯಾಗಿ ತೋರಿಸಿ.

ಪ್ರಚಲಿತ

2025ರ ನವೆಂಬರಿನಲ್ಲಿ ಅಮೆರಿಕದ ಸೇನೆ ಅಥವಾ ಗುಪ್ತಚರ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಆರು ಡೆಮಾಕ್ರಟಿಕ್ ಸಂಸದರು ವಿಡಿಯೊವೊಂದರಲ್ಲಿ, ಅಕ್ರಮ ಆದೇಶ ನಿರಾಕರಿಸಬಹುದು ಎಂದು ಸೈನಿಕರಿಗೆ ನೆನಪಿಸಿದರು. ಅಧ್ಯಕ್ಷ ಟ್ರಂಪ್ ಅದನ್ನು ರಾಜದ್ರೋಹವೆಂದರು. ಗಮನಿಸಿ: ಅಲ್ಲಿನ ಸಾಮಾನ್ಯ ಸೈನಿಕರ ಪ್ರತಿಜ್ಞೆಯಲ್ಲಿ ಅಧ್ಯಕ್ಷರ ಆದೇಶ ಪಾಲನೆಯ ಮಾತಿದೆ, ಅಧಿಕಾರಿಗಳ ಪ್ರತಿಜ್ಞೆಯಲ್ಲಿ ಇರುವುದು ಸಂವಿಧಾನ ಮಾತ್ರ.

ಬಹುಆಯ್ಕೆ ಪ್ರಶ್ನೆಗಳ ಬಲೆ

ಭಾರತ ರೋಮ್ ಶಾಸನಕ್ಕೆ ಸದಸ್ಯನಲ್ಲ. ವಿಧಿ 33ರ ಪ್ರಕಾರ ನರಮೇಧ ಹಾಗೂ ಮಾನವೀಯತೆ ವಿರುದ್ಧದ ಅಪರಾಧಗಳ ಆದೇಶಗಳು ಯಾವಾಗಲೂ ಮೇಲ್ನೋಟಕ್ಕೇ ಅಕ್ರಮ. ಈ ಪಟ್ಟಿಯಲ್ಲಿ ಯುದ್ಧಾಪರಾಧ ಇಲ್ಲ. ಆಯ್ಕೆಗಳಲ್ಲಿ ಮೂರನ್ನೂ ಸೇರಿಸಿ ಕೊಟ್ಟಿದ್ದರೆ ಆ ಹೇಳಿಕೆ ತಪ್ಪು.